ಎಂಟು ವಾರಕ್ಕೆ ಹಾಲು ಬಿಟ್ಟ ಕರುಗಳು

ಖರಾಡಿ, ಪುಣೆ
10 ನವೆಂಬರ್ 2024

ಅತ್ತೀ,

ಇದನ್ನು ನಾನು ಬರೆದಿಲ್ಲ, ಮಾತಾಡಿದ್ದೇನೆ. ಫೋನನ್ನು ಬಾಯಿಯ ಮುಂದೆ ಹಿಡಿದು ಹೇಳುತ್ತ ಹೋದರೆ ಅದೇ ಅಕ್ಷರ ಮಾಡಿಕೊಳ್ಳುತ್ತದೆ. ಆದರೆ ನಮ್ಮ ಮನೆಯ ಮಾತು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಆರನೇ ಇಯತ್ತೆಯ ಪಾಠ ಓದಿದಂತೆ ಮಾತಾಡುತ್ತಿದ್ದೇನೆ, ನಗಬೇಡ. ಬೇರೆಯವರು ಆಡಿದ್ದನ್ನು ಮಾತ್ರ ಆಮೇಲೆ ಬೆರಳಿನಿಂದ ಕುಟ್ಟಿ ಸರಿ ಮಾಡುತ್ತೇನೆ. ಫೋನಿನಲ್ಲಿ ನಿನಗೆ ಕಿವಿ ಕೇಳಿಸುವುದಿಲ್ಲ, ಕೈಬರಹ ಓದಲು ಬರುವುದಿಲ್ಲ. ಅಚ್ಚಿನ ಅಕ್ಷರವಾದರೆ ಬೆರಳಿಟ್ಟು ಓದುತ್ತೀ. ನಾಳೆ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ತೆಗೆಸಿ ಪೋಸ್ಟಿಗೆ ಹಾಕುತ್ತೇನೆ.

ಮತ್ತೆ ಕೆಲಸ ಬದಲಾಯಿಸಿದೆ. ಚಿಂಚವಾಡದ ಕಾರ್ಖಾನೆ ಏಳು ತಿಂಗಳು, ಯೆರವಡಾದಲ್ಲಿ ಪಾರ್ಸೆಲ್ ಹಂಚುವುದು ನಾಲ್ಕು ತಿಂಗಳು. ಈಗ ಖರಾಡಿ ದಾಟಿದ ಮೇಲೆ ನದಿಯ ಕಡೆ ಕೃಷ್ಣಾಜಿ ಅನ್ನುವವರ ಗೋಠಾ ಇದೆ. ಗೋಠಾ ಅಂದರೆ ದನದ ಕೊಟ್ಟಿಗೆ. ಅರವತ್ತು ಆಕಳು. ಹಾಲು ಬೆಳಿಗ್ಗೆ ಏಳಕ್ಕೆಲ್ಲ ಗಾಜಿನ ಕಟ್ಟಡಗಳ ಮಂದಿಯ ಮನೆ ಮುಟ್ಟಬೇಕು. ಮೊದಲು ಹಾಲಿನ ಟೆಂಪೋ ಓಡಿಸುತ್ತಿದ್ದೆ. ಈಗ ಕರು ಸಾಕುತ್ತೇನೆ.

ದಸರೆಯ ವಾರದಲ್ಲಿ ಐದು ಹೆಣ್ಣುಗರು ಹುಟ್ಟಿದವು. ಇಲ್ಲಿ ಕರುವಿಗೆ ನಾಲ್ಕು ತಿಂಗಳು ಹಾಲು ಕುಡಿಸುವ ರೂಢಿ. ದನದ ಡಾಕ್ಟರು ಎಂಟು ವಾರಕ್ಕೇ ಬಿಡಿಸಬಹುದು, ಆದರೆ ತಿನ್ನಿಸುವುದು ಸರಿ ಇರಬೇಕು ಅಂದರು. ಕೃಷ್ಣಾಜಿಗೆ ನಂಬಿಕೆ ಇಲ್ಲ. ಅವರ ತಂದೆ ಹಾಗೆ ಮಾಡಿ ನೋಡಿದ್ದರಂತೆ, ಕರುಗಳ ಹೊಟ್ಟೆ ಗಡಿಗೆ, ಬೆನ್ನು ಕೋಲು ಆಗಿ ನಿಂತವಂತೆ. ನಾನು ನೋಡಿಕೊಳ್ಳುತ್ತೇನೆ ಅಂದೆ. ಅದಕ್ಕೆ ಅವರು, "ಚನ್ನೂ, ತೂ ಮಹಿನಾಭರ್ ಟಿಕತ್ ನಾಹೀಸ್, ವಾಸರಂ ಕಶೀ ಟಿಕವಣಾರ್?" ಅಂತ ನಕ್ಕರು. ನೀನೇ ಒಂದು ತಿಂಗಳು ನಿಲ್ಲುವವನಲ್ಲ, ಕರುಗಳನ್ನು ಹೇಗೆ ನಿಲ್ಲಿಸುತ್ತೀ ಅಂತ.

ಕರಾರು ಹೀಗಿದೆ. ಯುಗಾದಿಯ ದಿನ ತೂಕದ ಟೇಪು ಹಿಡಿದಾಗ ಐದೂ ಕರು ತಲಾ ನೂರಿಪ್ಪತ್ತು ಕಿಲೋ ತೂಗಬೇಕು. ತೂಗಿದರೆ ಕರುಗಳ ಗೋಠಾ ನನ್ನದು. ಒಂದು ಕಡಿಮೆಯಾದರೂ ನಾನು ಮತ್ತೆ ಟೆಂಪೋಗೆ.

ನಾನು ಇದನ್ನು ಯಾಕೆ ಒಪ್ಪಿಕೊಂಡೆ ಗೊತ್ತೇ? ಹೊರಡುವ ದಿನ ಹೊಸ್ತಿಲ ಮೇಲೆ ನಿಂತು ನೀನು ಒಂದು ಮಾತು ಅಂದೆ. "ತಾಯಿ ಹಾಲ ಕಾಣದ ಕೂಸು ಎಲ್ಲೂ ನಿಂದ್ರೂದಿಲ್ಲ." ಬಸ್ಸಿಗೆ ಹೊತ್ತಾಗಿತ್ತು, ಉತ್ತರ ಕೊಡಲಿಲ್ಲ. ಅವ್ವ ಹೋದಾಗ ನನಗೆ ನಲವತ್ತು ದಿನ. ಆಮೇಲೆ ಏನು ಕುಡಿಸಿ ಬೆಳೆಸಿದೆ ಅಂತ ನೀನು ಹೇಳಿಲ್ಲ, ನಾನು ಕೇಳಿಲ್ಲ. ಈ ಐದು ಕರುಗಳೇ ನನ್ನ ಉತ್ತರ.

ಕರುಗಳಿಗೆ ಕೊನೆಯ ದಾಣಿ ಹಾಕಿ ಬಂದು ಮಾತಾಡುತ್ತಿರುವ
ಚನ್ನವೀರ


ನೇಸರಗಿ
24 ನವೆಂಬರ್ 2024

ಚನ್ನೂ,

ನಿಮ್ಮ ಅತ್ತಿ ಹೇಳಿದ್ದನ್ನ ನಾ ವರದಾ ಬರಿಯಾಕತ್ತೇನಿ. ಸೊಸಿ ಆಗಿ ಬಂದ ಮ್ಯಾಲ ನನಗ ಇದೊಂದ ಕಾರಕೂನಕಿ ಹೊಸಾದ್ದು. ಒಂದ ಅಕ್ಷರ ಬದಲ ಮಾಡಬ್ಯಾಡಂತ ತಾಕೀತ ಐತಿ, ಬೈದದ್ದೂ ಸೈತ.

ಕಾಗದ ಮುಟ್ಟಿತು. ರೇಡಿಯೋದಾಗ ವಾರ್ತಾ ಓದಿದಂಗ ಮಾತಾಡೀದಿ. ನನಗ ಬಂದೈತೋ ತಾಸೀಲ್ದಾರಗ ಬಂದೈತೋ ಅಂತ ಎರಡ ಸಲ ಹೆಸರ ನೋಡಿದ್ನಿ.

ಎರಡ ತಿಂಗಳಿಗೆ ಹಾಲ ಬಿಡಸ್ತೀರಿ? ತಾಯಿ ಅಲ್ಲೇ ನಿಂತಿರತೈತಿ, ಹಾಲ ಹತ್ತನೇ ಮಾಳಿಗಿ ಮಂದಿಗೆ ಹೋಗತೈತಿ, ಕರಾ ಬೂಸಾ ನೆಕ್ಕತೈತಿ. ಭಾಳ ಶಾಣ್ಯಾ ಮಂದಿ. ನಾ ಗೌರಿ ಕರಕ್ಕ ಆರ ತಿಂಗಳ ತನಕಾ ಒಂದ ಮೊಲಿ ಬಿಡತೇನಿ, ಹಿಂಡೂದು ಮೂರ. ಮ್ಯಾಲ ಜ್ವಾಳದ ಅಂಬಲಿ. ನಮ್ಮತ್ತಿ ಹಿಂಗ ಮಾಡಿದ್ಳು, ನಾನೂ ಹಂಗ ಮಾಡತೇನಿ. ನಿಮ್ಮ ಡಾಕ್ಟರ ಎಷ್ಟ ಕರಾ ಹಡದಾನ?

ಹೊಸ್ತಲದ ಮಾತ ನನಗ ನೆನಪಿಲ್ಲ. ವಯಸ್ಸಾತು.

ರೊಟ್ಟಿ ತಿಂತೀಯೋ ಬರೇ ವಡಾಪಾವೋ? ಥಂಡಿ ಬಿದ್ದೈತಿ, ಕಿವಿ ಕಟಗೊ.

ನಿನ್ನ ಅತ್ತಿ ಭೀಮವ್ವನ ಹೆಬ್ಬೆಟ್ಟು

ಒಂದ ಮಾತ ನನ್ನ ಕಡಿಂದ. ನೆನಪಿಲ್ಲ ಅಂದ ಮ್ಯಾಲ ಅತ್ತಿ ಎದ್ದ ಹೋಗಿ ನೀರ ತುಂಬಾಕ ನಿಂತ್ರು. ಕೊಡಾ ಎಲ್ಲಾ ತುಂಬೇ ಇದ್ದೂ. — ವರದಾ


ಖರಾಡಿ
8 ಡಿಸೆಂಬರ್ 2024

ಅತ್ತೀ,

ತುಂಬಿದ ಕೊಡಗಳಿಗೆ ಮತ್ತೆ ನೀರು ಯಾಕೆ ಹಾಕಿದೆ ಅಂತ ಕೇಳುವುದಿಲ್ಲ. ಕರುಗಳ ಸುದ್ದಿ ಹೇಳುತ್ತೇನೆ.

ಐದೂ ಹಾಲು ಬಿಟ್ಟವು. ನೀನು ತಿಳಿದಂತೆ ಒಂದು ಬೆಳಿಗ್ಗೆ ಬಕೀಟು ಕಸಿದುಕೊಂಡಿಲ್ಲ. ಡಾಕ್ಟರು ಗಂಡಸಲ್ಲ, ಹೆಂಗಸು. ನೀಲಿಮಾ ಬಾಯಿ ಅಂತ, ವಾರಕ್ಕೊಮ್ಮೆ ಸ್ಕೂಟಿಯ ಮೇಲೆ ಬರುತ್ತಾರೆ. ತಾರೀಖು ನೋಡಬೇಡ, ಕರು ಎಷ್ಟು ತಿನ್ನುತ್ತದೆ ಅದನ್ನು ನೋಡು ಅಂದರು. ದಿನಕ್ಕೆ ಒಂದು ಕಿಲೋ ದಾಣಿಯಂತೆ ಮೂರು ದಿನ ಬಿಡದೆ ತಿಂದರೆ ಮಾತ್ರ ಹಾಲು ಬಂದ್. ಅಲ್ಲಿಯ ತನಕ ಹಾಲು ಸ್ವಲ್ಪ ಸ್ವಲ್ಪ ಇಳಿಸುತ್ತ ಬರಬೇಕು. ನಾಲ್ಕು ಕರು ಬೇಗ ಕಲಿತವು. ನಾಲ್ಕನೇ ನಂಬರಿನದು ಮಾತ್ರ ಹಟಮಾರಿ. ಗೋದಲಿಗೆ ಬಾಯಿ ಹಾಕುವುದಿಲ್ಲ, ಅಂಗೈ ಮೇಲೆ ಇಟ್ಟರೆ ತಿನ್ನುತ್ತದೆ. ಆರು ದಿನ ತಡ ಮಾಡಿತು.

ಹುಟ್ಟಿದ ಕರುವಿಗೆ ಮೆಲುಕು ಹಾಕುವ ಹೊಟ್ಟೆ ನಿನ್ನ ಎಲೆಅಡಿಕೆಯ ಚಂಚಿಯಷ್ಟೇ ಇರುತ್ತದೆಯಂತೆ. ಹಾಲು ಅದನ್ನು ಮುಟ್ಟದೆ ಮುಂದಿನ ಹೊಟ್ಟೆಗೆ ಹೋಗುತ್ತದೆ. ದಾಣಿ ತಿನ್ನುತ್ತ ತಿನ್ನುತ್ತ ಚಂಚಿ ಚೀಲವಾಗುತ್ತದೆ. ಹಾಲು ನಿಂತಾಗ ಅದರಲ್ಲಿದ್ದ ಪ್ರೋಟೀನೂ ನಿಂತಿತಲ್ಲ, ಅದನ್ನು ದಾಣಿ ತುಂಬಿ ಕೊಡಬೇಕು. ನೂರು ಕಿಲೋ ದಾಣಿಯಲ್ಲಿ ಇಪ್ಪತ್ತು ಕಿಲೋ ಪ್ರೋಟೀನ್ ಬೇಕು. ದೊಡ್ಡ ಆಕಳಿಗೆ ಅದಕ್ಕಿಂತ ಕಡಿಮೆ ನಡೆಯುತ್ತದೆ, ಈ ಕೂಸುಗಳಿಗೆ ನಡೆಯುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ರಂಗೂಬಾಯಿ ಅಕ್ಕಲಕೋಟೆಯ ಕಡೆಯವಳು, ನಮ್ಮ ಮಾತು ಬರುತ್ತದೆ. ಅವಳು ಡಾಕ್ಟರ ಪಾಠವನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದಳು: "ಜ್ವಾಳಾ ಹೊಟ್ಟಿ ತುಂಬಸತದ, ಹಿಂಡಿ ಮೈ ತುಂಬಸತದ."

ಅದಕ್ಕೇ ಹೇಳುತ್ತೇನೆ, ಗೌರಿಯ ಕರುವಿಗೆ ಬರೀ ಅಂಬಲಿ ಹುಯ್ಯಬೇಡ. ಅವಳ ಕರುಗಳೆಲ್ಲ ಹೊಟ್ಟೆ ಡುಬ್ಬ, ಬೆನ್ನೆಲುಬು ಎಣಿಸಬಹುದು. ಒಂದು ಹಿಡಿ ಶೇಂಗಾ ಹಿಂಡಿ ಹಾಕಿ ನೋಡು.

ಇನ್ನೊಂದು ಸುದ್ದಿ. ಡಾಕ್ಟರು ತಮ್ಮನ ಮದುವೆಗೆ ನಾಶಿಕಕ್ಕೆ ಹೋಗಿದ್ದಾರೆ. ನನಗೆ ಸುಮ್ಮನೆ ಕೂಡಲು ಆಗುವುದಿಲ್ಲ, ನಿನಗೆ ಗೊತ್ತು. ದಾಣಿಯಲ್ಲಿ ಗೋವಿನಜೋಳ ಅರ್ಧ ಇಳಿಸಿ ಹತ್ತಿಕಾಳಿನ ಹಿಂಡಿ ಸೇರಿಸಿದ್ದೇನೆ. ಇಪ್ಪತ್ತಿದ್ದದ್ದು ಇಪ್ಪತ್ತೈದು ಆಗುತ್ತದೆ. ಯುಗಾದಿಯ ತನಕ ಯಾಕೆ, ಶಿವರಾತ್ರಿಗೇ ನೂರಿಪ್ಪತ್ತು ಮುಟ್ಟಿಸುತ್ತೇನೆ. ನಮ್ಮ ಕಡೆಯವನಿಗೆ ಹತ್ತಿಕಾಳಿನ ಬಗ್ಗೆ ಯಾರಾದರೂ ಹೇಳಿಕೊಡಬೇಕೇ? ನಿನ್ನ ಎಮ್ಮೆಗೆ ರುಬ್ಬಿ ಹಾಕಿದ ವಾರಕ್ಕೇ ಕೆನೆ ಬೆರಳು ದಪ್ಪ ಬರುತ್ತಿತ್ತಲ್ಲ.

ಗೆಲ್ಲುವ ಕಡೆ ನಿಂತಿರುವ
ಚನ್ನವೀರ


ನೇಸರಗಿ
15 ಡಿಸೆಂಬರ್ 2024

ಚನ್ನ್ಯಾ,

ಮೊದಲ ಹತ್ತಿಕಾಳ ತಗಿ. ಆಮ್ಯಾಲ ಓದು.

ನಿನ್ನೆ ಕಾಗದ ಬಂತು. ಬೆರಳ ಇಟ್ಟ ಓದಕೋಂತ ಹತ್ತಿಕಾಳ ತನಕಾ ಬಂದ್ನಿ, ಕಾಗದ ಅಲ್ಲೇ ಬಿಟ್ಟ ಎದ್ನಿ. ವರದಾನ ಕಡಿಂದ ಮೂರ ಸಲ ಫೋನ ಹಚ್ಚಿಸಿದ್ನಿ, ನೀ ಎತ್ತಲಿಲ್ಲ. ಮೆಸೇಜ ಹಾಕಸಿದ್ರ ನಗೂ ಮಾರಿ ಕಳಿಸೀದಿ. ವರದಾ ತೋರಿಸಿದ್ಳು, ಹಳದಿ ಮಾರಿ, ಹಲ್ಲ ಕಿಸದೈತಿ. ನಗೂದ ಏನಿತ್ತಪಾ ಅದರಾಗ?

ಎಮ್ಮಿ ಹೊಟ್ಟಿ ಬ್ಯಾರೆ, ಕರದ ಹೊಟ್ಟಿ ಬ್ಯಾರೆ. ಚಂದಂಗ ಮೆಲಕ ಹಾಕೂ ತನಕಾ ಕರಕ್ಕ ಹತ್ತಿಕಾಳ ತೋರಸಬಾರದು. ನಾ ಮದವಿ ಆಗಿ ಬಂದ ವರ್ಸ, ಲಗೂನ ದಪ್ಪ ಆಗಲಿ ಅಂತ ಯಾರಿಗೂ ಹೇಳಲಾರದ ಹಾಕಿದ್ನಿ. ಒಂದ ತಿಂಗಳಿಗೆ ಕರಾ ನಿಂತಲ್ಲೇ ಏದತು, ಮುಂಜಾನೆ ಎದ್ದ ನೋಡಿದ್ರ ಇಲ್ಲ. ನಮ್ಮತ್ತಿ ಬೈಲಿಲ್ಲ. ಬೈದಿದ್ರ ಮರೀತಿದ್ನಿ.

ಇದನ್ನ ಮನ್ಯಾಗ ಯಾರಿಗೂ ಹೇಳಿದ್ದಿಲ್ಲ. ಈಗ ವರದಾಗ ಗೊತ್ತಾತು. ಆಕಿ ತುಂಬಿದ ಕೊಡದ ಸುದ್ದಿ ನಿನಗ ಬರದಾಳಂತ ನಿನ್ನ ಅಚ್ಚಿನ ಕಾಗದದಾಗ ಓದಿ ತಿಳಕೊಂಡೇನಿ. ಆಕಿದ ಆಮ್ಯಾಲ ನೋಡತೇನಿ.

ತಗದಿ ಅಂತ ತಿರಗಿ ಬರಿ.

ಭೀಮವ್ವ


ಖರಾಡಿ
28 ಡಿಸೆಂಬರ್ 2024

ಅತ್ತೀ,

ತೆಗೆದೆ. ನೀನು ಹೇಳಿದ ದಿನ ತೆಗೆಯಲಿಲ್ಲ. ವರದಾಳ ಮೆಸೇಜು ನೋಡಿ ಹಳೆಯ ಕಾಲದವರ ಹೆದರಿಕೆ ಅಂದುಕೊಂಡೆ. ಇನ್ನೂ ಎರಡು ದಿನ ಹಾಕಿದೆ.

ಮೂರನೇ ದಿನ ನಾಲ್ಕನೇ ನಂಬರು ನನ್ನ ಅಂಗೈ ಮೂಸಿ ಮುಖ ತಿರುಗಿಸಿತು. ಮೈಯ ಕೂದಲೆಲ್ಲ ನೆಟ್ಟಗೆ ನಿಂತಿತ್ತು, ಪಕ್ಕೆ ಏದುತ್ತಿತ್ತು. ಮೂರನೇ ನಂಬರು ಮೂಲೆಯಲ್ಲಿ ತಲೆ ಹಾಕಿ ನಿಂತಿತ್ತು. ಕೃಷ್ಣಾಜಿ ಏನಾಯಿತು ಅಂದರು. ಥಂಡಿ ಅಂದೆ.

ಅವತ್ತೇ ಸಂಜೆ ಡಾಕ್ಟರು ಬಂದರು. ಎದೆಗೆ ನಳಿಗೆ ಇಟ್ಟು ಕೇಳಿದರು, ಆಮೇಲೆ ದಾಣಿಯನ್ನು ಒಂದು ಚಿಟಿಕೆ ತೆಗೆದು ಹಲ್ಲಿನಿಂದ ಕಡಿದರು. "ಸರಕಿ?" ಅಂದರು. ಇಲ್ಲಿ ಹತ್ತಿಕಾಳಿಗೆ ಸರಕಿ ಅನ್ನುತ್ತಾರೆ. ಅದರಲ್ಲಿ ಒಂದು ವಿಷ ಇರುತ್ತದೆಯಂತೆ. ದೊಡ್ಡ ದನದ ಮೆಲುಕಿನ ಹೊಟ್ಟೆ ಅದನ್ನು ಕಟ್ಟಿಹಾಕುತ್ತದೆ, ಚಂಚಿಯಷ್ಟು ಹೊಟ್ಟೆಗೆ ಆ ಶಕ್ತಿ ಇಲ್ಲ, ಅದು ಸೀದಾ ಎದೆಗೆ ಹೋಗುತ್ತದೆ. ಇನ್ನೊಂದೆರಡು ವಾರ ಹಾಕಿದ್ದರೆ ಕೈಮೀರುತ್ತಿತ್ತು ಅಂದರು. ಪ್ರೋಟೀನ್ ಎಷ್ಟಿದೆ ಅಂತ ಕೇಳಿದರೆ ಸಾಲದು, ಯಾವುದರಿಂದ ಬಂತು, ಯಾರ ಹೊಟ್ಟೆಗೆ ಹೋಗುತ್ತದೆ ಅಂತಲೂ ಕೇಳಬೇಕು ಅಂದರು.

ನಮ್ಮ ಅತ್ತೆಯೂ ಇದನ್ನೇ ಹೇಳಿದ್ದರು ಅಂತ ಮೆಸೇಜು ತೋರಿಸಿದೆ. ಡಾಕ್ಟರು ತಾರೀಖು ನೋಡಿದರು. "ಮ್ಹಣಜೇ ಮಾಹೀತ್ ಅಸೂನ್ ದಿಲಂಸ್?" ಗೊತ್ತಿದ್ದೂ ಹಾಕಿದೆಯಾ ಅಂತ.

ಸುಳ್ಳು ಹೇಳುವುದಿಲ್ಲ, ಅವತ್ತು ಬಟ್ಟೆ ತುಂಬಿಕೊಂಡು ಹೊರಟೇಬಿಟ್ಟಿದ್ದೆ. ಚಿಂಚವಾಡದಿಂದ ಹೀಗೇ ಹೊರಟಿದ್ದೆ, ಯೆರವಡಾದಿಂದಲೂ. ಬೈಪಾಸಿನ ರಿಕ್ಷಾ ಸ್ಟ್ಯಾಂಡಿನ ತನಕ ಹೋದೆ. ಶೇರ್ ರಿಕ್ಷಾದಲ್ಲಿ ಇನ್ನೊಬ್ಬ ಬಂದರೆ ಬಿಡುತ್ತೇನೆ ಅಂದ ಚಾಲಕ. ಆ ಇನ್ನೊಬ್ಬನನ್ನು ಕಾಯುತ್ತ ಕೂತಾಗ ನೆನಪಾಯಿತು, ನಾಲ್ಕನೇ ನಂಬರು ಅಂಗೈಯಿಂದಲೇ ತಿನ್ನುವುದು, ರಂಗೂಬಾಯಿಯ ಅಂಗೈಗೆ ತಂಬಾಕಿನ ವಾಸನೆ, ಅದು ಮುಟ್ಟುವುದಿಲ್ಲ. ಇಳಿದು ಬಂದೆ. ರಂಗೂಬಾಯಿ ನನ್ನ ಚೀಲ ನೋಡಿ, "ಅರಬಿ ಒಗಸಾಕ ಒಯ್ದಿದ್ದೇನೋ?" ಅಂದಳು. ಹೌದು ಅಂದೆ.

ಈಗ ಮತ್ತೆ ಶೇಂಗಾ ಹಿಂಡಿ, ಗೋವಿನಜೋಳ, ಗೋಧಿ ಬೂಸಾ, ಸ್ವಲ್ಪ ಸೋಯಾ. ಮೂರನೆಯದು ಎದ್ದಿದೆ. ನಾಲ್ಕನೆಯದು ಇವತ್ತು ನಾಲ್ಕು ಹಿಡಿ ತಿಂದಿತು. ಕೃಷ್ಣಾಜಿಗೆ ಇನ್ನೂ ಹೇಳಿಲ್ಲ.

ತಪ್ಪಿತಸ್ಥ
ಚನ್ನವೀರ


ನೇಸರಗಿ
12 ಜನವರಿ 2025

ಚನ್ನೂ,

ರಿಕ್ಷಾದಿಂದ ಇಳದ ಬಂದಿ ಅಂತ ಓದಿದ್ನಿ. ಆ ಸಾಲ ಮೂರ ಸಲ ಓದಿದ್ನಿ.

ನೀ ಕೇಳಲಿಲ್ಲ, ಆದ್ರೂ ಹೇಳತೇನಿ. ನಿಮ್ಮವ್ವ ಹೋದ ಮ್ಯಾಲ ನಿನಗ ಆಡಿನ ಹಾಲ ಹಾಕಿದ್ನಿ, ಒಳಲಿಯಿಂದ ಒಂದೊಂದ ಗುಟಕ. ಮಂದಿ ಬಂದ ನೋಡಿ, ಕೂಸ ಎಷ್ಟ ಸಣ್ಣ ಐತಿ ಭೀಮವ್ವಾ ಅನ್ನೂದು. ನನಗ ಸಿಟ್ಟ ಬಂತು. ಒಂದ ದಿನ ಗಟ್ಟಿ ಎಮ್ಮಿ ಹಾಲ, ನೀರ ಹಾಕಲಾರದ, ಮ್ಯಾಲ ಬೆಲ್ಲಾ. ಲಗೂನ ದಪ್ಪ ಆಗಲಿ ಅಂತ. ಹೊಟ್ಟಿ ಕೆಟ್ಟ ಮೂರ ದಿನದಾಗ ನಿನ್ನ ಕಣ್ಣ ಒಳಗ ಹೋದೂ. ಬೈಲಹೊಂಗಲ ದವಾಖಾನಿ ತನಕಾ ನಿನ್ನ ಎದಿಗೆ ಕಟಗೊಂಡ ನಡದ್ನಿ. ನೀ ಎಲ್ಲೂ ನಿಂದ್ರಲಿಲ್ಲ ಅಂದಾಗೆಲ್ಲಾ ನಾ ಅದನ್ನ ನೆನಸತಿದ್ನಿ. ನನ್ನ ಕೈಯಾಗ ಏನೋ ತಪ್ಪೈತಿ ಅಂತ. ಬೈದದ್ದ ನಿನಗ ಅಲ್ಲ.

ಆಮ್ಯಾಲ ಹೆಸರಬ್ಯಾಳಿ ಕಟ್ಟ, ಆಡಿನ ಹಾಲ, ಎಂಟ ತಿಂಗಳಿಗೆ ರೊಟ್ಟಿ ಕೆನ್ಯಾಗ ನೆನಸಿ. ನೀ ಎದ್ದಿ.

ಒಳಲಿ ಕಳಸಾಕತ್ತೇನಿ. ಹಿತ್ತಾಳಿದು, ಮೂತಿ ಸ್ವಲ್ಪ ನೆಗ್ಗೈತಿ. ನೀ ಕಚ್ಚಿದ್ದು.

ಗೌರಿ ಕರಕ್ಕ ಶೇಂಗಾ ಹಿಂಡಿ ಹಾಕೇನಿ, ಒಂದ ಹಿಡಿ. ಡುಬ್ಬ ಹೊಟ್ಟಿ ಇಳದೈತಿ. ವರದಾ ನಿನಗ ಬರದ ಹೇಳತಾಳ ಅಂತ ನಾನ ಮೊದಲ ಹೇಳಿದ್ನಿ. ಒಂದ ಮೊಲಿ ಮಾತ್ರ ಬಿಡೂದ ಬಿಡೂದಿಲ್ಲ.

ಮಾಲಕಗ ಥಂಡಿ ಅಂದೀದಿ. ಅದನ್ನ ನೀನ ಸರಿ ಮಾಡು.

ಭೀಮವ್ವ


ಖರಾಡಿ
31 ಮಾರ್ಚ್ 2025

ಅತ್ತೀ,

ನಿನ್ನೆ ಯುಗಾದಿ. ಇಲ್ಲಿ ಮನೆ ಮನೆಯ ಮುಂದೆ ಗುಡಿ, ಅಂದರೆ ಕೋಲಿಗೆ ರೇಷ್ಮೆ ಬಟ್ಟೆ, ಕಟ್ಟಿದ್ದರು. ಕೃಷ್ಣಾಜಿ ಹೊಸ ಟೊಪ್ಪಿಗೆ ಹಾಕಿ, ಶ್ರೀಖಂಡ ತಿಂದು, ಟೇಪು ಹಿಡಿದು ಬಂದರು. ಎದೆಯ ಸುತ್ತ ಹಿಡಿದರೆ ಕಿಲೋ ತೋರಿಸುವ ಟೇಪು ಅದು. ಒಂದನೆಯದು ನೂರಿಪ್ಪತ್ತಾರು. ಎರಡನೆಯದು ನೂರಿಪ್ಪತ್ತನಾಲ್ಕು. ಮೂರನೆಯದು ನೂರಿಪ್ಪತ್ತೊಂದು, ಉಸಿರು ಬಿಡದಿದ್ದರೆ ಇನ್ನೊಂದು ಹೆಚ್ಚು ಅಂದಳು ರಂಗೂಬಾಯಿ. ಐದನೆಯದು ನೂರಿಪ್ಪತ್ತೆಂಟು. ನಾಲ್ಕನೆಯದು ನೂರಾ ಹದಿಮೂರು.

ಕೃಷ್ಣಾಜಿ ಎರಡನೇ ಸಲ ಅಳೆದರು. ನೂರಾ ಹದಿಮೂರೇ. "ಹಿಲಾ ಕಾಯ್ ಝಾಲಂ?" ಅಂದರು, ಇದಕ್ಕೇನಾಯಿತು ಅಂತ. ಥಂಡಿ ಅಂತ ನಾನು ಹೇಳಿದ್ದು ಅವರಿಗೆ ಮರೆತುಹೋಗಿತ್ತು, ನಾನು ಸುಮ್ಮನಿದ್ದರೂ ಆಗುತ್ತಿತ್ತು. ಹೇಳಿದೆ. ಹತ್ತಿಕಾಳು ಹಾಕಿದ್ದು, ನೀನು ಬೇಡ ಅಂದದ್ದು, ಹಳದಿ ಮುಖ ಕಳಿಸಿದ್ದು, ರಿಕ್ಷಾ ಸ್ಟ್ಯಾಂಡು, ಎಲ್ಲ.

ಅವರು ಬಕೀಟು ಬೋರಲು ಹಾಕಿ ಅದರ ಮೇಲೆ ಕೂತರು. ಟೇಪು ಸುತ್ತಿದರು. ಆಮೇಲೆ ಅಂದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ: "ಏಳು ಕಿಲೋ ಕಡಿಮೆ. ಈ ಏಳು ಕಿಲೋ ಕರುವಿನದಲ್ಲ, ನಿನ್ನದು. ಅದನ್ನು ತುಂಬಿ ಕೊಡುವ ತನಕ ನೀನು ಎಲ್ಲೂ ಹೋಗುವ ಹಾಗಿಲ್ಲ."

"ಎರಡು ವಾರ ಸಾಕು," ಅಂದೆ.

"ಎರಡು ವಾರದಲ್ಲಿ ಇನ್ನೂ ಆರು ಕರು ಹುಟ್ಟುತ್ತವೆ," ಅಂದರು. ರಂಗೂಬಾಯಿ ಸೆರಗಿನಲ್ಲಿ ನಕ್ಕಳು.

ಗೋಠಾದ ಗೋಡೆಗೆ ಒಂದು ಕರಿಹಲಗೆ ಇದೆ, ದಾಣಿಯ ಅಳತೆ ಬರೆಯುವುದು. ಜನವರಿಯಲ್ಲೇ ಅದರ ತಳದಲ್ಲಿ ಮರಾಠಿಯಲ್ಲಿ ಬರೆದಿದ್ದೆ: ಮೆಲುಕು ಹಾಕುವ ತನಕ ಸರಕಿ ಇಲ್ಲ. ಕೆಳಗೆ ನಿನ್ನ ಹೆಸರು. ಕೃಷ್ಣಾಜಿ ಅದನ್ನು ನಿನ್ನೆಯೇ ನೋಡಿದ್ದು. "ಹೀ ಭೀಮವ್ವಾ ಕೋಣ್? ಕುಠಲ್ಯಾ ಕಾಲೇಜಾತ್ ಅಸತೇ?" ಯಾವ ಕಾಲೇಜಿನವರು ಅಂತ. ನೇಸರಗಿ ಅಂದೆ. ತಲೆ ಆಡಿಸಿದರು, ಹೆಸರು ಕೇಳಿದಂತೆ ಇದೆ ಅಂದರು.

ಒಳಲೆ ನನ್ನ ಕೋಣೆಯಲ್ಲಿ ಇದೆ. ನಾಲ್ಕನೆಯದಕ್ಕೆ ಔಷಧಿ ಹಾಕಲು ಒಂದು ಸಲ ಹಿಡಿದು ನೋಡಿದೆ. ಅದರ ನಾಲಗೆಗೇ ಸಾಲಲಿಲ್ಲ. ಆದರೆ ಮೂತಿ ಕಚ್ಚಿತು. ಈಗ ಎರಡು ನೆಗ್ಗು ಇವೆ.

ಈಗ ಅದು ಗೋಡೆಗೆ ಒರಗಿ ಮಲಗಿದೆ. ಬಾಯಿ ಆಡುತ್ತಿದೆ. ನಾನು ಮಾತಾಡುವುದು ನಿಂತರೆ ಫೋನಿಗೂ ಮೆಲುಕಿನ ಸದ್ದು ಕೇಳಿಸುತ್ತದೆ, ಆದರೆ ಅದನ್ನು ಅಕ್ಷರ ಮಾಡಲು ಅದಕ್ಕೆ ಬರುವುದಿಲ್ಲ.

ಏಳು ಕಿಲೋ ಬಾಕಿ ಇರುವ
ಚನ್ನವೀರ


ನೇಸರಗಿ
9 ಏಪ್ರಿಲ್ 2025

ಚನ್ನೂ,

ಕಾಲೇಜಿನ ಸುದ್ದಿ ಓಣಿಗೆಲ್ಲಾ ಹೇಳೇನಿ. ನನಗ ಈಗ ಭಾಳ ಮರ್ಯಾದಿ ಐತಿ.

ಹೊಸ್ತಲದ ಮಾತ ನೆನಪಿಲ್ಲ ಅಂದಿದ್ನಿ. ಸುಳ್ಳ. ದಿನಾ ಹೊಸ್ತಲಾ ತೊಳೀವಾಗ ನೆನಪ ಆಗತಿತ್ತ. ನಮ್ಮವ್ವ ಒಂದ ಮಾತ ಅಂತಿದ್ಳು, ಹೊಸ್ತಲದ ಮ್ಯಾಲ ಆಡಿದ್ದನ್ನ ಕಾಗದದಾಗ ಹಿಂದ ತಗೊಳ್ಳಾಕ ಆಗೂದಿಲ್ಲ, ಹೊಸ್ತಲದ ಮ್ಯಾಲ ನಿಂತ ತಗೋಬೇಕಂತ. ನೀ ಬರೂದಿಲ್ಲ, ನಿನಗ ಆರ ಕರಾ ಹುಟ್ಟತಾವ. ಅದಕ್ಕ ನಾನ ಬರತೇನಿ. ಬಸವ ಜಯಂತಿ ಮುಗಿಸಿ, ವರದಾನ ಕೂಡ, ಬೆಳಗಾಂವಿಂದ ಬಸ್ಸಿಗೆ.

ಶೇಂಗಾ ಹಿಂಡಿ ಇಲ್ಲೀದ ತರಲೇನು? ಅಲ್ಲೀದ ಛಲೋ ಇರೂದಿಲ್ಲ.

ನಿನ್ನ ಗೋಠಾಕ್ಕ ಹೊಸ್ತಲಾ ಐತೋ ಇಲ್ಲೋ, ಮೊದಲ ಬರದ ತಿಳಸು.

ಭೀಮವ್ವ


ಖರಾಡಿ
17 ಏಪ್ರಿಲ್ 2025

ಅತ್ತೀ,

ಇರಲಿಲ್ಲ. ದಾಣಿಯ ಕೈಗಾಡಿ ಒಳಗೆ ಹೋಗಬೇಕಲ್ಲ, ಗೋಠಾಕ್ಕೆ ಹೊಸ್ತಿಲು ಇಡುವುದಿಲ್ಲ. ನಿನ್ನೆ ನಾನೂ ರಂಗೂಬಾಯಿಯೂ ಸೇರಿ ನನ್ನ ಕೋಣೆಯ ಬಾಗಿಲಿಗೆ ಒಂದು ಕಲ್ಲು ಕೂರಿಸಿದೆವು. ಕೃಷ್ಣಾಜಿ ಬಂದು, ಬಾಡಿಗೆಯ ಕೋಣೆಗೆ ಯಾರು ಹೊಸ್ತಿಲು ಕೂರಿಸುತ್ತಾರೆ ಅಂದರು. ನಿಲ್ಲುವವರು ಅಂದೆ.

ನಾಲ್ಕನೇ ನಂಬರು ಇವತ್ತು ನೂರಿಪ್ಪತ್ತೊಂದು. ಹಗ್ಗ ಬಿಚ್ಚಿಕೊಂಡು ಬಂದು ಹಸಿ ಸಿಮೆಂಟಿನಲ್ಲಿ ಒಂದು ಗೊರಸು ಊರಿ ಹೋಗಿದೆ. ಅದನ್ನು ಸರಿ ಮಾಡಿಲ್ಲ. ಅದರ ಪಕ್ಕದಲ್ಲಿ ನಿಂತು ಮಾತಾಡು, ಇಬ್ಬರೂ ಕೇಳುತ್ತೇವೆ.

ಹಿಂಡಿ ತಾ.

ಇಲ್ಲೇ ಇರುವ
ಚನ್ನವೀರ